ಕೋಣೆ ದಾಟಿದ ಮಾತು

"ಮುಟ್ಟಬೇಡಿ ಮೇಡಂ, ಇನ್ನೂ ಬಿಸಿ ಇದೆ!"

ಲ್ಯಾಬ್ ಸಹಾಯಕ ಕೂಗುವಷ್ಟರಲ್ಲಿ ಪೊಲೀಸಮ್ಮ ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗಿತ್ತು. ಒಳಗಿನ ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಸುಟ್ಟ ವಾಸನೆಯಲ್ಲ, ಬೆಂದು ಹಳಸಿದ ಹುಳಿ ವಾಸನೆ.

ಆಳೆತ್ತರದ ಪೆಟ್ಟಿಗೆ. ಒಳಗೆ ಅಂಗೈ ಅಗಲದ ಗಾಜಿನ ತಟ್ಟೆಗಳು ಅಂತಸ್ತು ಅಂತಸ್ತಾಗಿ ಕೂತಿದ್ದವು. ನಿನ್ನೆಯವರೆಗೆ ಆ ತಟ್ಟೆಗಳಲ್ಲಿ ಶಿಲೀಂಧ್ರಗಳು ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ, ಮೆತ್ತಗೆ ಬೆಳೆಯುತ್ತಿದ್ದವು. ಇವತ್ತು ಕಂದುಗಟ್ಟಿ, ಮುದುಡಿ, ತಳ ಹಿಡಿದ ಗಂಜಿಯ ಹಾಗೆ ಗಾಜಿಗೆ ಅಂಟಿಕೊಂಡಿದ್ದವು. ಇಪ್ಪತ್ತೈದರಲ್ಲಿರಬೇಕಾದ ಉಷ್ಣತೆಯ ಮುಳ್ಳನ್ನು ಯಾರೋ ಅರವತ್ತಕ್ಕೆ ತಿರುಗಿಸಿ ಹೋಗಿದ್ದರು.

ಒಬ್ಬ ಹುಡುಗಿಯ ಸಂಶೋಧನೆಯೆಲ್ಲ ಆ ಪೆಟ್ಟಿಗೆಯಲ್ಲಿತ್ತು. ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುವ ತನ್ನ ಮಾರ್ಗದರ್ಶಕರ ಮೇಲೆ ಅವಳು ಕಿರುಕುಳದ ದೂರು ಕೊಟ್ಟು ಇನ್ನೂ ಎರಡು ವಾರ ಕಳೆದಿರಲಿಲ್ಲ.

"ನಿನ್ನ ಹೆಸರು ಈ ಕೋಣೆ ದಾಟಲ್ಲ," ಎಂದು ಅವತ್ತು ಪೊಲೀಸಮ್ಮ ಮಾತು ಕೊಟ್ಟಿದ್ದಳು.

ಹೆಸರು ಕೋಣೆ ದಾಟಿತ್ತು. ದಾಟಿ ಇಲ್ಲಿಯವರೆಗೂ ಬಂದಿತ್ತು.

ಪೊಲೀಸಮ್ಮ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಇಲಾಖೆಯ ನೌಕರಿ ಬಿಟ್ಟು ವಿಶ್ವವಿದ್ಯಾಲಯದ ದೂರು ಘಟಕಕ್ಕೆ ತನಿಖಾಧಿಕಾರಿಯಾಗಿ ಬಂದಿದ್ದಳು. ಖಾಕಿ ಹೋದರೂ ನಡಿಗೆ ಹೋಗಿರಲಿಲ್ಲ. ಕಾರಿಡಾರಿನಲ್ಲಿ ಅವಳ ಚಪ್ಪಲಿ ಸದ್ದು ಕೇಳಿದರೆ ಕಾರಣವಿಲ್ಲದೆ ಹುಡುಗರು ಸಿಗರೇಟು ಆರಿಸುತ್ತಿದ್ದರು.

"ಕೊನೆಗೆ ಬೀಗ ಹಾಕಿದ್ದು ಯಾರು ಅಣ್ಣ?"

"ನಾನೇ." ಸಹಾಯಕ ಒರೆಸುವ ಬಟ್ಟೆಯನ್ನು ಹಿಂಡಿದ. ನರೆತ ಮೀಸೆಯ, ತೆಳ್ಳಗಿನ ಮನುಷ್ಯ. "ಮೊದಲು ನನ್ನನ್ನೇ ಹಿಡ್ಕೋತೀರಿ ಅಂತ ಗೊತ್ತಿತ್ತು ಮೇಡಂ. ಆದ್ರೆ ರಿಸರ್ಚ್ ಮಾಡೋರೆಲ್ಲರ ಹತ್ರಾನೂ ಒಂದೊಂದು ಬೀಗದ ಕೈ ಇದೆ. ದೊಡ್ಡ ಮೇಷ್ಟ್ರ ಹತ್ರಾನೂ."

"ದೊಡ್ಡ ಮೇಷ್ಟ್ರು ಊರಲ್ಲಿಲ್ಲ."

"ಹೌದು. ಪರೀಕ್ಷೆ ಕೆಲಸ ಅಂತ ಒಂದು ವಾರದಿಂದ ಬೇರೆ ಊರಲ್ಲಿದ್ದಾರೆ. ಇವತ್ತು ಬರಬೇಕು."

ಊರಲ್ಲಿಲ್ಲದ ದಿನವೇ ಅನಾಹುತ ಆಗಿದೆ. ಅಚ್ಚುಕಟ್ಟಾಗಿ, ಯಾರೂ ಬೊಟ್ಟು ಮಾಡದ ಹಾಗೆ. ಪೊಲೀಸಮ್ಮನಿಗೆ ಇಂಥ ಅಚ್ಚುಕಟ್ಟು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಗೋಡೆಯ ಪಕ್ಕದ ಮೇಜಿನ ಮೇಲೆ ಬಿಳಿ ಲೋಟವೊಂದಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಅಣಬೆ' ಎಂದು ಬರೆದಿತ್ತು. ಹುಡುಗಿಗೆ ಆ ಹೆಸರಿಟ್ಟವರು ದೊಡ್ಡ ಮೇಷ್ಟ್ರೇ. "ಯಾರೂ ಬಿತ್ತದೆ, ಯಾರೂ ಕರೀದೆ ಎಲ್ಲಿಂದಲೋ ಎದ್ದು ಬಂದುಬಿಡ್ತಾರಪ್ಪ ಇವರು, ಅಣಬೆ ಥರ," ಎಂದು ತುಂಬಿದ ತರಗತಿಯಲ್ಲಿ ಅಂದಿದ್ದರಂತೆ. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಅಪ್ಪನದು ಗಾರೆ ಕೆಲಸ. ಮರುದಿನ ಅವಳೇ ಲೋಟದ ಮೇಲೆ ಆ ಹೆಸರು ಬರೆದು ತಂದಿಟ್ಟಳು. ಆಮೇಲೆ ನಗುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ.

ಇವತ್ತು ಬೆಳಿಗ್ಗೆ ಈ ಪೆಟ್ಟಿಗೆ ತೆರೆದವಳೂ ಅವಳೇ. ಕಿರುಚಲಿಲ್ಲ, ಅಳಲಿಲ್ಲ. ಕೈ ತೊಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಪೊಲೀಸಮ್ಮ ಅವಳನ್ನು ಸೀದಾ ಅಕ್ಕನ ಮನೆಗೆ ಕಳಿಸಿಕೊಟ್ಟಿದ್ದಳು.

ಅಕ್ಕ ವಿಶ್ವವಿದ್ಯಾಲಯದ ಆಪ್ತಸಮಾಲೋಚಕಿ. ಕುಗ್ಗಿದವರ, ಅಳುವವರ ಮಾತು ಕೇಳುವುದೇ ಅವಳ ಕೆಲಸ. ಕ್ಯಾಂಪಸ್ಸಿಗೆಲ್ಲ ಅವಳು ಅಕ್ಕನೇ. ಪೊಲೀಸಮ್ಮನಿಗೆ ಮಾತ್ರ ಒಡಹುಟ್ಟಿದ ಅಕ್ಕ.

"ಮೇಡಂ..." ಸಹಾಯಕ ತಲೆ ಎತ್ತಲಿಲ್ಲ. "ಒಂದು ವಿಷಯ. ಕೇಳಿದ್ಮೇಲೆ ನೀವು ನನ್ನನ್ನ ಮನುಷ್ಯ ಅಂತ ಲೆಕ್ಕಕ್ಕೆ ಇಟ್ಕೊಳ್ಳಲ್ಲ."

"ಹೇಳಿ."

"ಹಿಂದೆ ಒಂದಿನ ಮೇಷ್ಟ್ರಿಗೆ ಟೀ ತಗೊಂಡು ಹೋದೆ. ಬಾಗಿಲು ಹಾಕಿತ್ತು. ಒಳಗಿಂದ ಆ ಹುಡುಗಿ 'ಬೇಡ ಸರ್, ಬೇಡ' ಅಂದಿದ್ದು ಕೇಳಿಸ್ತು. ತಟ್ಟೋಕೆ ಅಂತ ಕೈ ಎತ್ತಿದೆ. ತಟ್ಟಲಿಲ್ಲ. ಟೀ ವಾಪಸ್ ತಗೊಂಡು ಬಂದೆ." ಅವನು ಬಟ್ಟೆಯನ್ನು ಇನ್ನಷ್ಟು ಹಿಂಡಿದ. ಅದರಲ್ಲಿ ನೀರಿರಲಿಲ್ಲ. "ಚೆಲ್ಲೋಕೂ ಮನಸ್ಸಾಗ್ಲಿಲ್ಲ ಮೇಡಂ. ನಾನೇ ಕುಡಿದೆ."

ಪೊಲೀಸಮ್ಮನಿಗೆ ಬೈಯುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಬೈಯಲು ತನಗೇನು ಯೋಗ್ಯತೆ ಇದೆ ಎನಿಸಿ ಸುಮ್ಮನಾದಳು.

"ಇದನ್ನ ದೂರಿನ ಸಮಿತಿ ಮುಂದೆ ಹೇಳ್ತೀರಾ?"

ಸಹಾಯಕ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟ. ಆಮೇಲೆ ತಲೆಯಾಡಿಸಿದ. ಹೌದು ಎಂದನೋ, ನೋಡೋಣ ಎಂದನೋ ಪೊಲೀಸಮ್ಮನಿಗೆ ಗೊತ್ತಾಗಲಿಲ್ಲ.

*

ಕೋಣೆಯ ಮೂಲೆಯಲ್ಲಿ ಹಳೆಯ ಫ್ರಿಜ್ ಗುರುಗುಡುತ್ತಿತ್ತು. ಪೊಲೀಸಮ್ಮ ಅದನ್ನೂ ತೆರೆದಳು. ಇಲಾಖೆಯಲ್ಲಿ ಕಲಿತ ಅಭ್ಯಾಸ. ಕಳವಾದ ಕೋಣೆಯಲ್ಲಿ ಏನು ಹೋಗಿದೆ ಎಂದು ಎಲ್ಲರೂ ನೋಡುತ್ತಾರೆ, ಏನು ಉಳಿದಿದೆ ಎಂದು ಅವಳು ನೋಡುತ್ತಿದ್ದಳು.

ಔಷಧಿ ಬಾಟಲಿಗಳು, ಉಪ್ಪಿನ ದ್ರಾವಣದ ಸೀಸೆಗಳು, ಯಾರೋ ಮರೆತ ಒಣಗಿದ ನಿಂಬೆಹಣ್ಣು. ಎಲ್ಲದರ ಹಿಂದೆ, ಕೆಳಗಿನ ಅಂತಸ್ತಿನಲ್ಲಿ, ಹಳೇ ಟವೆಲ್ ಸುತ್ತಿದ ಒಂದು ಗಂಟು.

ಬಿಚ್ಚಿದಳು. ಒಳಗೆ ಬೆರಳುದ್ದದ ಗಾಜಿನ ಟ್ಯೂಬುಗಳು. ಒಂದೊಂದರ ತಳದಲ್ಲೂ ಬೆಳ್ಳಗೆ, ಮೆತ್ತಗೆ, ಹಿಂಜಿದ ಹತ್ತಿಯಂಥದ್ದು.

"ಅಯ್ಯೋ!" ಸಹಾಯಕ ಹತ್ತಿರ ಓಡಿ ಬಂದ. "ಇವು ಮೂಲ ತಳಿ ಮೇಡಂ! ತಟ್ಟೆಗಳಲ್ಲಿ ಬೆಳೆಸೋದೆಲ್ಲ ಇದರಿಂದ. ಇವು ಉಳಿದಿದ್ರೆ ಹುಡುಗಿ ಮತ್ತೆ ಶುರು ಮಾಡಬಹುದು."

"ಇವು ಯಾವಾಗ್ಲೂ ಫ್ರಿಜ್ಜಲ್ಲೇ ಇರ್ತಾವಾ?"

"ಇಲ್ಲ. ಆ ಪೆಟ್ಟಿಗೇಲೇ ಇದ್ವು. ಮೇಲಿನ ಅಂತಸ್ತಲ್ಲಿ."

ಅಂದರೆ ಮುಳ್ಳು ತಿರುಗಿಸುವ ಮೊದಲು ಯಾರೋ ಇವನ್ನು ಎತ್ತಿ, ಟವೆಲಿನಲ್ಲಿ ಸುತ್ತಿ, ತಂಪಿನಲ್ಲಿ ಬಚ್ಚಿಟ್ಟಿದ್ದರು. ಮಗುವನ್ನು ಮಲಗಿಸಿದ ಹಾಗೆ. ದ್ವೇಷಕ್ಕೆ ಇಷ್ಟು ಜೋಪಾನ ಇರುವುದಿಲ್ಲ. ಇದು ಮಾಡುವಾಗಲೇ ಪಶ್ಚಾತ್ತಾಪಪಟ್ಟ ಕೈ.

ಪೊಲೀಸಮ್ಮ ಒಂದು ಟ್ಯೂಬನ್ನು ಬೆಳಕಿಗೆ ಹಿಡಿದಳು. ಮುಚ್ಚಳದ ಸುತ್ತ ಹೊಸದಾಗಿ ಟೇಪು ಸುತ್ತಿತ್ತು. ಟೇಪಿನ ತುದಿಯನ್ನು ಒಳಕ್ಕೆ ಚೂರು ಮಡಚಿ ಪುಟ್ಟ ಕಿವಿಯ ಹಾಗೆ ಬಿಟ್ಟಿದ್ದರು. ಎಲ್ಲ ಟ್ಯೂಬಿಗೂ ಹಾಗೇ.

"ನೀವೆಲ್ಲ ಟೇಪು ಹೀಗೇ ಹಾಕ್ತೀರಾ?"

"ಇಲ್ಲ ಮೇಡಂ. ಸುತ್ತಿ ಹರೀತೀವಿ, ಬೇಕಾದಾಗ ಉಗುರಲ್ಲಿ ಕೆರೆದು ಬಿಡಿಸ್ತೀವಿ."

ಉಗುರು. ಪೊಲೀಸಮ್ಮ ಆ ಪುಟ್ಟ ಕಿವಿಯನ್ನೇ ನೋಡುತ್ತ ನಿಂತಳು. ಉಗುರಿರುವವರಿಗೆ ಈ ಮಡಿಕೆ ಬೇಕಾಗಿಲ್ಲ. ಉಗುರು ಕಚ್ಚುವ ಒಬ್ಬಳನ್ನು ಅವಳು ಈ ವಿಭಾಗದಲ್ಲೇ ನೋಡಿದ್ದಳು.

ಅಕ್ಕನ ಮನೆಗೆ ಫೋನ್ ಮಾಡಿದಳು.

"ಅವಳಿಗೆ ಈಗ ತಾನೇ ನಿದ್ದೆ ಹತ್ತಿದೆ ಪುಟ್ಟಿ, ಎಬ್ಬಿಸಬೇಡ ಕಣೇ," ಎಂದಳು ಅಕ್ಕ. ಐವತ್ತು ದಾಟಿದ ತಂಗಿ ಅವಳಿಗೆ ಇನ್ನೂ ಪುಟ್ಟಿಯೇ.

"ಒಳ್ಳೇ ಸುದ್ದಿ ಇದೆ ಅಕ್ಕಾ, ಎಬ್ಬಿಸು."

ಮೂಲ ತಳಿ ಉಳಿದಿದೆ ಎಂದಾಗ ಆ ಕಡೆ ಅಣಬೆಯ ಉಸಿರು ನಿಂತ ಹಾಗಾಯಿತು. ಬೆಳಿಗ್ಗೆಯಿಂದ ತಡೆದಿಟ್ಟ ಅಳು ಆಗ ಒಡೆಯಿತು. ಪೊಲೀಸಮ್ಮ ಕಾದಳು.

"ನಾನು ತೆಗೆದಿಟ್ಟಿಲ್ಲ ಮೇಡಂ. ನನಗೆ ಗೊತ್ತೇ ಇಲ್ಲ." ಮೂಗು ಒರೆಸಿಕೊಂಡ ಸದ್ದು. "ಮೇಡಂ, ಒಂದು ಕೇಳ್ಲಾ? ನನ್ನ ಹೆಸರು ಅವರಿಗೆ ಹೇಗೆ ಗೊತ್ತಾಯ್ತು?"

ಈ ಪ್ರಶ್ನೆ ಬರುತ್ತದೆಂದು ಬೆಳಿಗ್ಗೆಯಿಂದ ಗೊತ್ತಿತ್ತು.

"ನನ್ನಿಂದ ಇರಬೇಕು ಕಣಮ್ಮ. ಅವರು ಬಂದ್ಮೇಲೆ ನೀನು ದಿನಾ ಅವರ ಎದುರು ಕೂರಬಾರದು ಅಂತ ಮೊನ್ನೆ ನಿನ್ನ ಸೀಟನ್ನ ಈ ಕಡೆ ಲ್ಯಾಬಿಗೆ ಬದಲಾಯಿಸಿದೆ. ಇಡೀ ವಿಭಾಗದಲ್ಲಿ ನೀನೊಬ್ಬಳೇ ಸೀಟು ಬಿಟ್ಟು ಎದ್ದೆ. ಅದನ್ನ ನೋಡಿದವರಿಗೆ ಇನ್ನೇನು ಹೇಳಬೇಕು? ಕಾಪಾಡೋಕೆ ಹೋಗಿ ನಾನೇ ನಿನ್ನನ್ನ ತೋರಿಸಿಕೊಟ್ಟೆ."

ಆ ಕಡೆ ಹುಡುಗಿ ಎದ್ದು ಕೂತ ಸದ್ದು.

"ನೀವು ಒಳ್ಳೇದಕ್ಕೇ ಮಾಡಿದ್ರಲ್ಲ ಮೇಡಂ," ಎಂದಳು ಅಣಬೆ.

ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಈ ಮಾತು ಪೊಲೀಸಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

*

ಸೂಕ್ಷ್ಮದರ್ಶಕದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಕಡ್ಡಿಯಂಥ ಮೈ, ನೆತ್ತಿಯ ಮೇಲೆ ಉಂಡೆ ತುರುಬು. ಅದಕ್ಕೇ ಅವಳು ಎಲ್ಲರಿಗೂ ಗುಂಡುಪಿನ್ನು. ಅದೇ ದೊಡ್ಡ ಮೇಷ್ಟ್ರ ಕೈಕೆಳಗೆ ಅಣಬೆಗಿಂತ ಎರಡು ವರ್ಷ ಮೊದಲು ಸೇರಿದವಳು. ಹಾಸ್ಟೆಲಿನಲ್ಲಿ ಅಣಬೆಯ ಜೊತೆ ಒಂದೇ ಕೋಣೆ. ಪ್ರಬಂಧ ಬರೆದು ಮುಗಿಸಿದ್ದಳು, ಮೇಷ್ಟ್ರ ಸಹಿಯೊಂದೇ ಬಾಕಿ.

"ಒಂಚೂರು ಸಹಾಯ ಮಾಡ್ತೀಯಾ?" ಪೊಲೀಸಮ್ಮ ಬೆಂದ ಚೂರು ತುಂಬಿದ ಟ್ಯೂಬನ್ನೂ ಟೇಪಿನ ಸುರುಳಿಯನ್ನೂ ಮೇಜಿನ ಮೇಲಿಟ್ಟಳು. "ಒಳಗಿನ ಚೂರು ಪರೀಕ್ಷೆಗೆ ಕಳಿಸಬೇಕು. ನನಗೆ ಇದನ್ನ ಸೀಲ್ ಮಾಡೋಕೆ ಬರಲ್ಲ."

ಗುಂಡುಪಿನ್ನು ಟೇಪು ಎಳೆದಳು. ಎರಡು ಸುತ್ತು ಸುತ್ತಿದಳು, ಹಲ್ಲಿನಿಂದ ಹರಿದಳು. ಬೆರಳುಗಳ ತುದಿಯಲ್ಲಿ ಉಗುರೇ ಇರಲಿಲ್ಲ. ಕಚ್ಚಿ ಕಚ್ಚಿ ಮಾಂಸ ಕೆಂಪಗೆ ಕಾಣುತ್ತಿತ್ತು. ಆ ಬೆರಳುಗಳು ಟೇಪಿನ ತುದಿಯನ್ನು ತಮ್ಮಷ್ಟಕ್ಕೆ ತಾವೇ ಒಳಕ್ಕೆ ಮಡಚಿದವು.

ಪೊಲೀಸಮ್ಮ ಜೇಬಿನಿಂದ ಇನ್ನೊಂದು ಟ್ಯೂಬು ತೆಗೆದು ಪಕ್ಕದಲ್ಲಿಟ್ಟಳು. ಫ್ರಿಜ್ಜಿನಲ್ಲಿ ಸಿಕ್ಕಿದ್ದು.

ಎರಡೂ ಒಂದೇ ಥರ ಇದ್ದವು.

ಗುಂಡುಪಿನ್ನು ಓಡಲಿಲ್ಲ. ಕುರ್ಚಿಯ ಮೇಲೆ ಕುಸಿದಳು. "ಬದುಕಿದ್ದಾವಾ?" ಎಂದಷ್ಟೇ ಕೇಳಿದಳು.

"ಬದುಕಿದ್ದಾವೆ."

"ಅವಳಿಗೆ ಹೇಳಿದ್ರಾ?"

"ಹೇಳಿದೆ. ಯಾರು ಉಳಿಸಿದ್ರು ಅಂತ ಹೇಳಿಲ್ಲ. ಯಾರು ಕೊಂದ್ರು ಅಂತಾನೂ ಹೇಳಿಲ್ಲ. ಅದನ್ನ ನೀನೇ ಹೇಳಬೇಕು."

ಹುಡುಗಿ ಎಡಗೈ ಹೆಬ್ಬೆರಳನ್ನು ಬಾಯಿಗೆ ಕೊಂಡೊಯ್ದಳು. ಕಚ್ಚಲು ಏನೂ ಉಳಿದಿರಲಿಲ್ಲ.

"ನಾಲ್ಕು ದಿನದ ಹಿಂದೆ ಮೇಷ್ಟ್ರು ಫೋನ್ ಮಾಡಿದ್ರು, ಆ ಊರಿಂದ. 'ನಿನ್ನ ರೂಮ್‌ಮೇಟ್ ನನ್ನ ಮೇಲೆ ದೂರು ಕೊಟ್ಟಿದ್ದಾಳೆ, ನಿನ್ನನ್ನೂ ಸಾಕ್ಷಿಗೆ ಎಳೀತಾಳೆ, ನಿನ್ನ ಪ್ರಬಂಧ ನನ್ನ ಮೇಜಿನ ಮೇಲೇ ಇದೆ' ಅಂದ್ರು. ಆಮೇಲೆ ಊಟ ಆಯ್ತಾ ಅಂತ ಕೇಳಿದ್ರು. ಕೊನೆಗೆ, 'ಆ ಇನ್‌ಕ್ಯುಬೇಟರ್ ತೀರಾ ಹಳೇದು, ಯಾವಾಗ ಕೈ ಕೊಡುತ್ತೋ ಹೇಳಕ್ಕಾಗಲ್ಲ, ಒಂಚೂರು ನೋಡ್ಕೋ' ಅಂದ್ರು."

"ಅಷ್ಟೇನಾ?"

"ಅಷ್ಟೇ. ಮಾಡು ಅಂತ ಅವರು ಯಾವತ್ತೂ ಹೇಳಲ್ಲ ಮೇಡಂ. ನಮಗೇ ಅರ್ಥ ಆಗಬೇಕು."

"ನಿನಗೆ ಅರ್ಥ ಆಯ್ತು."

"ಆಯ್ತು." ಕಣ್ಣಿನಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಒಣಗಿತ್ತು. "ಕೆಲಸ ಹಾಳಾದ್ರೆ ಅವಳು ಊರಿಗೆ ಹೋಗಿಬಿಡ್ತಾಳೆ, ಇವರ ಕಣ್ಣಿಂದ ದೂರ ಇರ್ತಾಳೆ, ಅವಳಿಗೂ ಒಳ್ಳೇದೇ ಅಂತ ಅಂದ್ಕೊಂಡೆ. ಹಾಗೆ ಅಂದ್ಕೊಂಡೇ ಬೀಗ ತೆಗೆದೆ. ಟ್ಯೂಬುಗಳು ಕಣ್ಣಿಗೆ ಬಿದ್ವು. ಅವಳು ಅವಕ್ಕೆ ಹೆಸರಿಟ್ಟಿದ್ದಾಳೆ ಮೇಡಂ. ಒಂದಕ್ಕೆ ಅವಳ ತಮ್ಮನ ಹೆಸರು. ಅವನ್ನ ಮಾತ್ರ ಬೇಯಿಸೋಕಾಗ್ಲಿಲ್ಲ. ವಾಪಸ್ ರೂಮಿಗೆ ಹೋದೆ. ಅವಳು ನನಗೆ ಅಂತ ಚಪಾತಿ ಮುಚ್ಚಿಟ್ಟಿದ್ಲು. ತಿಂದೆ. ಎದುರಿಗೇ ಕೂತು ತಿಂದೆ."

ಪೊಲೀಸಮ್ಮ ಕುರ್ಚಿ ಎಳೆದು ಅವಳ ಪಕ್ಕ ಕೂತಳು. ಠಾಣೆಯಲ್ಲಿ ಆಗಿದ್ದರೆ ಎದುರಿಗೆ ಕೂರುತ್ತಿದ್ದಳು.

"ನಿನಗೂ ಅವರು ತೊಂದರೆ ಕೊಟ್ಟಿದ್ದಾರೆ. ಅಲ್ವಾ?"

ಹುಡುಗಿ ಟೇಪಿನ ಸುರುಳಿಯನ್ನು ಮೇಜಿನ ಮೇಲೆ ಉರುಳಿಸಿದಳು.

"ಹೋದ ವರ್ಷ ದೂರು ಕೊಡ್ತೀನಿ ಅಂದಿದ್ದೆ. ಅವರು ಕರೆಸಿದ್ರು. ಕ್ಷಮೆ ಕೇಳ್ತೀನಿ ಬಾರಮ್ಮ ಅಂದ್ರು. ಬಾಗಿಲು ತೆಗೆದೇ ಇಟ್ಟಿದ್ರು. ಟೀ ತರಿಸಿದ್ರು. ನಿನ್ನ ತಂದೆ ಸಮಾನ ನಾನು ಅಂದ್ರು. ಫೋನು ಮೇಜಿನ ಮೇಲೆ ಮಗುಚಿ ಇಟ್ಟಿತ್ತು, ನಾನು ನೋಡ್ಲೇ ಇಲ್ಲ. ಅರ್ಧ ಗಂಟೆ ಆದ್ಮೇಲೆ ಕ್ಷಮೆ ಕೇಳ್ತಿದ್ದವಳು ನಾನು. 'ನಾನೇ ತಪ್ಪು ತಿಳ್ಕೊಂಡೆ ಸರ್, ನಿಮ್ಮ ಹೆಸರು ಕೆಡಿಸೋ ಉದ್ದೇಶ ಇತ್ತು ಸರ್' ಅಂತ ನನ್ನ ಬಾಯಲ್ಲೇ ಹೇಳಿಸಿಬಿಟ್ರು. ಅದೆಲ್ಲ ರೆಕಾರ್ಡ್ ಆಗಿದೆ. ಆಗಾಗ ನನಗೇ ಕೇಳಿಸ್ತಾರೆ."

"ಅಣಬೆ ಸೇರಿದಾಗ ಅವಳಿಗೆ ಒಂದು ಮಾತು ಹೇಳಿ ಎಚ್ಚರಿಸಬಹುದಿತ್ತಲ್ಲ?"

"ಹೌದು." ಗುಂಡುಪಿನ್ನು ಮುಖ ಮುಚ್ಚಿಕೊಂಡಳು. "ಅವಳು ಬಂದ್ಮೇಲೆ ಅವರು ನನ್ನನ್ನ ಕರೆಯೋದು ಕಡಿಮೆ ಆಯ್ತು ಮೇಡಂ. ನನಗೆ ಅಷ್ಟು ಸಾಕಾಗಿತ್ತು. ಅವಳನ್ನ ಅಲ್ಲಿಗೆ ಬಿಟ್ಟು ನಾನು ಉಸಿರು ಬಿಟ್ಟೆ."

ಪಕ್ಕದ ಕೋಣೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ನೀರು ಸುರಿಯುವ ಸದ್ದು ನಿಂತ ಮೇಲೆ ಪೊಲೀಸಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು.

"ನೋಡು," ಎಂದಳು ಪೊಲೀಸಮ್ಮ. "ನೀನು ಮಾಡಿದ್ದು ಅನ್ಯಾಯ. ಅದಕ್ಕೆ ನೀನು ಉತ್ತರ ಕೊಡ್ಲೇಬೇಕು, ನಾನು ಮುಚ್ಚಿಹಾಕಲ್ಲ. ಆದ್ರೆ ನಿನಗೆ ಆಗಿದ್ದೂ ಅನ್ಯಾಯಾನೇ. ಅದು ಬೇರೆ ದೂರು. ಒಂದರಿಂದ ಇನ್ನೊಂದು ಅಳಿಸಿ ಹೋಗಲ್ಲ. ಇವತ್ತು ಒಬ್ಬಳೇ ಇರಬೇಡ. ಮನೆಯವರನ್ನ ಕರೆಸ್ಲಾ?"

"ಅಮ್ಮ ಬರ್ತಾಳೆ." ಹುಡುಗಿ ಮೊದಲ ಸಲ ಮುಖವೆತ್ತಿ ನೋಡಿದಳು. "ಮೇಡಂ, ಅವಳ ಹೆಸರು ಹೊರಗೆ ಬಂದಿದ್ದು ಹೇಗೆ ಅಂತ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ನನ್ನನ್ನೇ ಕೇಳಿದ್ಲು."

"ಅದು ನನಗೆ ಗೊತ್ತು. ಸೀಟು ಬದಲಾಯಿಸಿದ್ದು ನನ್ನದೇ ತಪ್ಪು."

"ಅಲ್ಲ ಮೇಡಂ. ಮೇಷ್ಟ್ರು ನನಗೆ ಫೋನ್ ಮಾಡಿದಾಗ ಅವಳು ಇನ್ನೂ ಹಳೇ ಸೀಟಲ್ಲೇ ಕೂತಿದ್ಲು."

ಪೊಲೀಸಮ್ಮನ ಕೈ ಮೇಜಿನ ಮೇಲೆ ನಿಂತಿತು.

"ಸರಿಯಾಗಿ ನೆನಪಿದೆಯಾ?"

"ಮರೆಯೋಕಾಗಲ್ಲ. ಫೋನಲ್ಲಿ ಅವರ ದನಿ ಕೇಳ್ತಾ ಅವಳ ಬೆನ್ನನ್ನೇ ನೋಡ್ತಿದ್ದೆ. ಅದೂ ಅಲ್ಲದೆ..." ಗುಂಡುಪಿನ್ನು ತಡವರಿಸಿದಳು. "ಅವರಿಗೆ ಬರೀ ಹೆಸರಲ್ಲ, ಅವಳು ಹೇಳಿದ್ದೆಲ್ಲ ಗೊತ್ತಿತ್ತು. 'ನಾನು ಮುಟ್ಟಿದ ಅಂಗೀನ ತೊಳೆದೂ ತೊಳೆದೂ ಬಣ್ಣಾನೇ ಹೋಯ್ತಂತೆ, ಆದ್ರೂ ಬಿಸಾಕೋಕೆ ಆಗ್ಲಿಲ್ವಂತೆ, ಅಪ್ಪ ಕೊಡಿಸಿದ್ದಂತೆ' ಅಂತ ನಕ್ಕರು. ಅದು ನಿಜಾನಾ ಮೇಡಂ?"

"ಅವಳು ನಿನಗೆ ಹೇಳಿರಲಿಲ್ವಾ?"

"ಇಲ್ಲ. ಒಂದೇ ಕೋಣೇಲಿ ಇದ್ದೂ ನನಗೆ ಹೇಳಿರಲಿಲ್ಲ."

ಪೊಲೀಸಮ್ಮನಿಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ದೂರು ಘಟಕದ ಚಿಕ್ಕ ಕೋಣೆ. ಅಂಗಿಯ ವಿಷಯ ಹೇಳಿದ ಕೂಡಲೇ ಅಣಬೆ ನಾಚಿ, "ಇದನ್ನ ಬರ್ಕೋಬೇಡಿ ಮೇಡಂ," ಎಂದಿದ್ದಳು. ಪೊಲೀಸಮ್ಮ ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಿದ್ದಳು. ಆ ಮಾತು ಯಾವ ಕಾಗದದ ಮೇಲೂ ಇಲ್ಲ. ತಾನು ಯಾರಿಗೂ ಹೇಳಿಲ್ಲ, ಮನೆಯಲ್ಲಿ ಗಂಡನಿಗೂ ಇಲ್ಲ.

ಆ ಕೋಣೆಯಲ್ಲಿ ಇದ್ದವರು ಮೂವರೇ. ಹೇಳಿದ ಹುಡುಗಿ. ಕೇಳಿದ ತಾನು. ಹುಡುಗಿಯ ಬೆನ್ನು ಸವರುತ್ತ ಕೂತಿದ್ದ ಇನ್ನೊಬ್ಬಳು.

ಇಲ್ಲ, ಇನ್ನೊಂದು ದಾರಿ ಇರಬೇಕು ಎಂದು ಮನಸ್ಸು ಹುಡುಕಿತು. ಕಿಟಕಿ ತೆರೆದಿತ್ತೇ? ಹೊರಗೆ ಯಾರಾದರೂ ನಿಂತಿದ್ದರೇ? ಕಿಟಕಿ ಮುಚ್ಚಿದ್ದು ತಾನೇ. ಬೇರೆ ಯಾರದೋ ಅಕ್ಕ ಆಗಿದ್ದರೆ ಇಷ್ಟು ಹೊತ್ತು ಹುಡುಕುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು.

*

ಸಂಜೆ ಬಿಸಿಲು ಇನ್ನೂ ಇತ್ತು. ಅಕ್ಕ ಮಹಡಿಯ ತಂತಿಯಿಂದ ಬಟ್ಟೆ ತೆಗೆದು ಮಂಚದ ಮೇಲೆ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ಸ್ಕೂಟರ್ ನಿಲ್ಲಿಸಿದ ಸದ್ದಿಗೇ ತಂಗಿ ಎಂದು ಗೊತ್ತಾಗಿತ್ತು. ತಂಗಿಯ ಮುಖ ನೋಡಿದ ಮೇಲೆ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

"ಅಂಗಿ ವಿಷಯ ಯಾರಿಗೆ ಹೇಳಿದೆ ಅಕ್ಕಾ?"

ಅಕ್ಕ ಸುಳ್ಳು ಹೇಳುತ್ತಾಳೆಂದು ಪೊಲೀಸಮ್ಮ ಕಾದಿದ್ದಳು. ಸುಳ್ಳು ಹೇಳಿದ್ದರೆ ಸಿಟ್ಟು ಮಾಡಬಹುದಿತ್ತು.

"ಅವರಿಗೇ ಹೇಳಿದೆ." ಅಕ್ಕ ಮಂಚದ ಅಂಚಿಗೆ ಕೂತಳು. "ಎಷ್ಟು ಹುಡುಗೀರು ನನ್ನ ಮುಂದೆ ಕೂತು ಅತ್ತಿದ್ದಾರೆ ಗೊತ್ತಾ ಪುಟ್ಟಿ? ದೂರು ಕೊಟ್ಟವರಲ್ಲಿ ಒಬ್ಬಳಾದ್ರೂ ಓದು ಮುಗಿಸಿದ್ದು ನಾನು ಕಂಡಿಲ್ಲ. ಸಮಿತಿ, ಸಾಕ್ಷಿ, ವಕೀಲರು ಅಂತ ಎಳೆದಾಡಿ ಎಳೆದಾಡಿ ಕೊನೆಗೆ ಎಲ್ಲರೂ ಗಂಟು ಕಟ್ಕೊಂಡು ಮನೆಗೆ ಹೋದವರೇ. ಇವಳಾದ್ರೂ ಉಳೀಲಿ ಅಂತ. ಒಳಗೊಳಗೇ ಮಾತಾಡಿ ಮುಗಿಸೋಣ ಅಂತ, ಅವರು ಊರು ಬಿಡೋ ಮುಂಚೆ, ಅವರ ಹತ್ರ ಹೋದೆ. ಆ ಮಗು ಎಷ್ಟು ನೊಂದಿದೆ ಅಂತ ಗೊತ್ತಾದ್ರೆ ಮನಸ್ಸು ಕರಗುತ್ತೆ ಅಂತ ಆ ಅಂಗಿ ವಿಷಯ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು ಕಣೇ. ನಾನು ನೋಡ್ದೆ."

"ಆಮೇಲೆ ಅದನ್ನೇ ಹೇಳ್ಕೊಂಡು ನಕ್ಕಿದ್ದಾರೆ."

ಅಕ್ಕ ಮಡಚಿದ ದಿಂಬಿನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಬೆಳಿಗ್ಗೆ ಪೆಟ್ಟಿಗೆ ಬೆಂದ ವಿಷಯ ಗೊತ್ತಾದಾಗಿನಿಂದ ನನ್ನ ಜೀವದಲ್ಲಿ ಜೀವ ಇಲ್ಲ ಪುಟ್ಟಿ. ನಿನಗೆ ಹೇಳಬೇಕು ಅಂತ ಎಷ್ಟು ಸಲ ಫೋನ್ ತಗೊಂಡೆ. ಅದಕ್ಕೇ ಸರಿ ಮಾಡೋಣ ಅಂತ..." ಮಾತು ಅಲ್ಲೇ ನಿಂತಿತು.

ಪೊಲೀಸಮ್ಮ ಸುತ್ತ ನೋಡಿದಳು. ಮಧ್ಯದ ಕೋಣೆಯ ಹಾಸಿಗೆ ಖಾಲಿ. ಬಚ್ಚಲ ಬಾಗಿಲು ತೆರೆದಿತ್ತು. ಬಾಗಿಲ ಬಳಿ ಹುಡುಗಿಯ ಚಪ್ಪಲಿ ಇರಲಿಲ್ಲ.

"ಅಣಬೆ ಎಲ್ಲಿ?"

"ಅವರು ಊರಿಂದ ವಾಪಸ್ ಬಂದ್ರಂತೆ. ನನಗೆ ಫೋನ್ ಮಾಡಿದ್ರು." ಅಕ್ಕನ ದನಿ ಸಣ್ಣದಾಯಿತು. "ಕ್ಷಮೆ ಕೇಳ್ತಾರಂತೆ. ವಿಭಾಗದಲ್ಲೇ, ಬಾಗಿಲು ತೆಗೆದಿಟ್ಕೊಂಡು. ಟೀ ಕುಡಿದು ಮಾತಾಡೋಣ ಅಂದ್ರು. ಅವಳು ಒಲ್ಲೆ ಅಂದ್ಲು. ನಾನೇ ಒಪ್ಪಿಸಿ ಬಸ್ ಹತ್ತಿಸಿ ಬಂದೆ."

ಪೊಲೀಸಮ್ಮನಿಗೆ ಕೇಳಿಸಿದ್ದು ಅಷ್ಟೇ. ಬೆರಳು ಆಗಲೇ ಅಣಬೆಯ ನಂಬರ್ ಒತ್ತಿತ್ತು. ಗಂಟೆ ಬಾರಿಸಿತು, ಬಾರಿಸಿತು. ಕಟ್ಟಾಯಿತು. ಮತ್ತೆ ಒತ್ತಿದಳು.

ಈ ಸಲ ಎತ್ತಿದರು. ಹುಡುಗಿಯಲ್ಲ.

"ನಮಸ್ಕಾರ ಮೇಡಂ." ದೊಡ್ಡ ಮೇಷ್ಟ್ರ ದನಿ. ಮೃದು, ನಿಧಾನ, ಪಾಠ ಮಾಡುವ ದನಿ. "ಒಳ್ಳೇ ಹೊತ್ತಿಗೆ ಮಾಡಿದ್ರಿ. ಮಗು ನನ್ನೆದುರೇ ಕೂತಿದೆ. ಸ್ಪೀಕರ್ ಹಾಕಿದ್ದೀನಿ. ಮಾತುಕತೆ ರೆಕಾರ್ಡ್ ಆಗ್ತಿದೆ, ಅದರಿಂದ ನಿಮಗೇನೂ ತೊಂದರೆ ಇಲ್ಲ ತಾನೆ?"

"ಅವಳ ಕೈಗೆ ಫೋನ್ ಕೊಡಿ."

"ಕೊಡ್ತೀನಿ, ಕೊಡ್ತೀನಿ. ಒಂದೇ ಒಂದು ಪ್ರಶ್ನೆ. ಗುಟ್ಟಾಗಿರಬೇಕಾದ ದೂರು ನಿಮ್ಮ ಘಟಕದಿಂದಲೇ ಹೊರಗೆ ಬಂದಿದ್ದು ನಿಜಾನಾ, ಸುಳ್ಳಾ? ನಿಜ ಆದ್ರೆ ಈ ತನಿಖೆ ನಡೆಸೋ ಹಕ್ಕು ನಿಮಗಿಲ್ಲ. ಸುಳ್ಳು ಆದ್ರೆ ಅದನ್ನೂ ಈ ಮಗುವಿನ ಎದುರೇ ಹೇಳಿಬಿಡಿ."

ಅಕ್ಕ ಎದ್ದು ಬಂದು ತಂಗಿಯ ತೋಳು ಹಿಡಿದಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಸದ್ದಿಲ್ಲದೆ ಬರೀ ತುಟಿಯಲ್ಲಿ ಬೇಡುತ್ತಿದ್ದಳು. ಇಲ್ಲ ಅನ್ನು ಪುಟ್ಟಿ. ಇಲ್ಲ ಅನ್ನು.

ಫೋನಿನ ಆ ತುದಿಯಲ್ಲಿ ಇನ್ನೊಂದು ಉಸಿರು ಕೇಳುತ್ತಿತ್ತು. ಸಣ್ಣದು, ಬಿಕ್ಕಿ ಬಿಕ್ಕಿ ಬರುತ್ತಿದ್ದದ್ದು.

"ನಿಜ," ಎಂದಳು ಪೊಲೀಸಮ್ಮ. "ನನ್ನ ಅಕ್ಕನಿಂದ ಬಂದಿದ್ದು. ನನ್ನ ಜವಾಬ್ದಾರಿ."

ತೋಳು ಹಿಡಿದಿದ್ದ ಕೈ ಸಡಿಲಾಯಿತು.

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಬಂತು. ನಂತರ ಅಣಬೆಯ ದನಿ, ಅಳು ಪೂರ್ತಿ ಇಂಗಿಹೋದ ದನಿ:

"ರೆಕಾರ್ಡ್ ನಿಲ್ಲಿಸಬೇಡಿ ಸರ್. ಈಗ ನಾನು ಮಾತಾಡೋದೂ ಅದರಲ್ಲಿ ಇರಲಿ."

"ಕೂತ್ಕೋಮ್ಮ. ಬಾಗಿಲ ಹತ್ರ ಯಾಕೆ ಹೋಗ್ತಿದ್ದೀಯ?" ದೊಡ್ಡ ಮೇಷ್ಟ್ರ ದನಿಯಲ್ಲಿದ್ದ ಪಾಠ ಮಾಯವಾಗಿತ್ತು. "ಏಯ್! ನನ್ನ ಫೋನ್ ಯಾಕೆ ನಿನ್ನ ಕೈಯಲ್ಲಿ?"

ತೆರೆದಿಟ್ಟಿದ್ದ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಒಳಗಿನಿಂದ ಅಣಬೆಯೇ ಚಿಲಕ ಹಾಕಿದಳು.

ಲೈನ್ ಕಟ್ಟಾಯಿತು.